ಅವರು ಒಂಟಿಯಾಗಿ ಹೊರಟವರಲ್ಲ

ತೊಂಬತ್ತಾರು ವರ್ಷ ತುಂಬುಬಾಳು ಬಾಳಿ ಕಳೆದ ತಿಂಗಳು ತೀರಿಕೊಂಡ ಸಾಗರದ ನಿವೃತ್ತ ಶಿಕ್ಷಕಿಯನ್ನು, ಅವರ ಕುರಿತು ಪ್ರಕಟವಾದ ಲೇಖನದಲ್ಲಿ ಲೇಖಕರು ‘ಯಾರ ಜೊತೆಯನ್ನೂ ಬಯಸದೆ ಕಾಡು ಬೆಟ್ಟ ಸುತ್ತಿದ ಒಂಟಿ ಗಟ್ಟಿಗಿತ್ತಿ’ ಎಂದು ಕರೆದಿರುವುದನ್ನು ನಾನು ಒಪ್ಪಲಾರೆ. ಗಟ್ಟಿಗಿತ್ತಿ ಎಂಬುದು ನಿಜ, ಒಂಟಿ ಎಂಬುದು ಸರಿಯಲ್ಲ. 1343 ಮೀಟರ್ ಎತ್ತರದ ಕೊಡಚಾದ್ರಿಯನ್ನು ಅವರು ಎಪ್ಪತ್ತೆರಡನೆಯ ವಯಸ್ಸಿನಲ್ಲಿ, ಜೀಪು ಬೇಡವೆಂದು ಹಟ ಹಿಡಿದು, ನಡೆದೇ ಹತ್ತಿದಾಗ ಜೊತೆಗಿದ್ದ ಐವರು ಗೆಳತಿಯರಲ್ಲಿ ನನ್ನ ಅಮ್ಮನೂ ಒಬ್ಬರು. ಕೋಲಿನ ತುದಿಗೆ ಉಪ್ಪಿನ ಗಂಟು ಕಟ್ಟಿಕೊಂಡು ಮುಂದೆ ನಡೆಯುತ್ತಿದ್ದ ಅವರು, ಹಿಂದೆ ಬಿದ್ದವರ ಕಾಲಿಗೆ ಕಚ್ಚಿದ ಇಂಬಳಕ್ಕೆ (ಜಿಗಣೆಗೆ) ಆ ಒದ್ದೆ ಗಂಟನ್ನು ಒತ್ತಿ ಉದುರಿಸಿ, “ರಕ್ತ ಕೊಟ್ಟಾಯ್ತಲ್ಲ, ಇನ್ನು ನಡಿಯೇ” ಎಂದು ಗದರುತ್ತಿದ್ದರಂತೆ. (ಅಮ್ಮ ಈಗಲೂ ಅದೇ ದನಿಯಲ್ಲಿ ಅನುಕರಿಸುತ್ತಾರೆ.)

ಲೇಖನ ಬಿಟ್ಟುಬಿಟ್ಟ ಮುಖ್ಯ ಸಂಗತಿಯೆಂದರೆ, 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಪೂರ್ಣಗೊಂಡು ಶರಾವತಿಯ ಹಿನ್ನೀರು ಅವರ ತವರಿನ ಮನೆ, ಗದ್ದೆ, ತೋಟಗಳನ್ನು ನುಂಗಿದ ಮೇಲೆ ದಿಕ್ಕಿಗೊಬ್ಬರಂತೆ ಚದುರಿಹೋದ ಬಾಲ್ಯದ ಗೆಳತಿಯರನ್ನು ಊರೂರು ಹುಡುಕಿಕೊಂಡು ಹೋದದ್ದರಿಂದಲೇ ಅವರ ತಿರುಗಾಟ ಆರಂಭವಾಯಿತು ಎಂಬುದು. ಬೆಟ್ಟ, ಜಲಪಾತಗಳೆಲ್ಲ ಆಮೇಲೆ ಸೇರಿಕೊಂಡವು. 2025ರ ಜುಲೈಯಲ್ಲಿ ಅದೇ ಹಿನ್ನೀರಿನ ಮೇಲಿನ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ತೆರೆದ ಕೆಲವು ದಿನಗಳಲ್ಲೇ ನಾವು ಅವರನ್ನು ಕಾರಿನಲ್ಲಿ ಕರೆದೊಯ್ದಿದ್ದೆವು. ಇನ್ನು ನೀರು ದಾಟಲು ಲಾಂಚಿಗೆ ಕಾಯಬೇಕಿಲ್ಲವೆಂದು ನಾವು ಸಂಭ್ರಮಿಸುತ್ತಿದ್ದರೆ, ಅವರು ಕಿಟಕಿಯ ಗಾಜು ಇಳಿಸಿ ನೀರಿನತ್ತ ಕೋಲು ಚಾಚಿ, “ಅಲ್ಲೇ ಕಣೇ ನಮ್ಮ ಅಂಗಳ” ಎಂದು ಅಮ್ಮನಿಗೆ ತೋರಿಸುತ್ತಿದ್ದರು.