ಎಂಎಲ್‌ಟಿಗೆ ಸೇರಿಸುವ ಮುಂಚೆ ಆ ಕಾಲೇಜಿನ ಲ್ಯಾಬ್ ನೋಡಿ

ಪಿಯುಸಿ ರಿಸಲ್ಟ್ ಬಂದು, ನೀಟ್ ರ‍್ಯಾಂಕ್ ಕೈಕೊಟ್ಟ ಮೇಲೆ ನನಗೆ ಫೋನ್ ಶುರುವಾಗುತ್ತವೆ. "ಮಗಳಿಗೆ ಮೆಡಿಕಲ್ ಸೀಟು ಸಿಗಲಿಲ್ಲ ಮೇಡಂ. ಬಿಎಸ್ಸಿ ಎಂಎಲ್‌ಟಿಗೆ ಸೇರಿಸಬಹುದಾ? ಕೆಲಸ ಸಿಗುತ್ತಾ?" ಪ್ರತಿ ವರ್ಷವೂ ಇದೇ ಪ್ರಶ್ನೆ. ಎಂಎಲ್‌ಟಿ ಅಂದರೆ ಮೆಡಿಕಲ್ ಲ್ಯಾಬ್ ಟೆಕ್ನಾಲಜಿ, ರಕ್ತ, ಮೂತ್ರ ಪರೀಕ್ಷೆ ಮಾಡುವ ಲ್ಯಾಬ್ ಕೆಲಸದ ಓದು. ಆಸ್ಪತ್ರೆ ಲ್ಯಾಬಿನಲ್ಲೇ ದುಡಿದು ಬದುಕು ಕಟ್ಟಿಕೊಂಡವಳು ನಾನು. ಧೈರ್ಯವಾಗಿ ಸೇರಿಸಿ ಅಂತಲೇ ಹೇಳುತ್ತೇನೆ. ಆದರೆ ಆ ಕಾಲೇಜಿಗೆ ಯಾವ ಆಸ್ಪತ್ರೆ ಇದೆ, ಅಲ್ಲಿನ ಲ್ಯಾಬಿಗೆ ದಿನಕ್ಕೆ ಎಷ್ಟು ಸ್ಯಾಂಪಲ್ ಬರುತ್ತೆ ಅಂತ ಮೊದಲು ವಿಚಾರಿಸಿ. ಕಟ್ಟಡ, ಹಾಸ್ಟೆಲ್, ಬಸ್ಸು ಎಲ್ಲ ಆಮೇಲೆ.

ಯಾಕೆ ಹೀಗೆ ಹೇಳ್ತೀನಿ ಅಂದರೆ, ರಕ್ತದ ಕಣ ಎಣಿಸುವ ಕೆಲಸವನ್ನು ಈಗ ಮೆಷಿನ್ನೇ ಮಾಡುತ್ತದೆ. ಮೆಷಿನ್ ಯಾವಾಗ ತಪ್ಪು ಹೇಳುತ್ತಿದೆ ಅಂತ ಹಿಡಿಯುವುದು ಮಾತ್ರ ಮನುಷ್ಯರ ಕೆಲಸ.

ಡೆಂಗ್ಯೂ ಸೀಸನ್ ಅಂದುಕೊಳ್ಳಿ. ಜ್ವರ ಬಂದವರ ರಕ್ತ ನೇರಳೆ ಮುಚ್ಚಳದ ಇಡಿಟಿಎ ಟ್ಯೂಬಿನಲ್ಲಿ ಬರುತ್ತದೆ. ಇಡಿಟಿಎ ಅಂದರೆ ರಕ್ತ ಹೆಪ್ಪುಗಟ್ಟದಂತೆ ಟ್ಯೂಬಿಗೆ ಹಾಕಿರುವ ರಾಸಾಯನಿಕ. ಮೆಷಿನ್‌ಗೆ ಕೊಟ್ಟರೆ ಪ್ಲೇಟ್‌ಲೆಟ್ 22 ಸಾವಿರ ಅಂತ ತೋರಿಸುತ್ತದೆ. ಅದನ್ನು ಹಾಗೇ ಪ್ರಿಂಟ್ ತೆಗೆದು ಕಳಿಸಿದರೆ ಮನೆಯವರ ಎದೆ ಒಡೆದುಹೋಗುತ್ತದೆ, ಬ್ಲಡ್ ಬ್ಯಾಂಕಿಗೆ ಓಡಾಟ ಶುರು. ಪಳಗಿದವರು ಅಷ್ಟಕ್ಕೇ ಬಿಡುವುದಿಲ್ಲ. ಅದೇ ರಕ್ತದ ಒಂದು ಹನಿಯನ್ನು ಸ್ಲೈಡಿನ ಮೇಲೆ ಎಳೆದು, ಬಣ್ಣ ಹಾಕಿ (ಸ್ಟೇನ್ ಮಾಡಿ), ಮೈಕ್ರೋಸ್ಕೋಪಿನಲ್ಲಿ ನೋಡುತ್ತಾರೆ. ಹಾಗೆ ಎಳೆದ ತೆಳು ಪದರದ, ಅಂದರೆ ಸ್ಮಿಯರ್‌ನ, ತುದಿಯಲ್ಲಿ ಕೆಲವೊಮ್ಮೆ ಪ್ಲೇಟ್‌ಲೆಟ್‌ಗಳು ಒಂದಕ್ಕೊಂದು ಅಂಟಿಕೊಂಡು ಗುಂಪುಗುಂಪಾಗಿ ಕೂತಿರುತ್ತವೆ. ಕೆಲವರ ರಕ್ತ ಇಡಿಟಿಎ ಜೊತೆ ಸೇರಿದರೆ ಹೀಗಾಗುತ್ತದೆ. ಆ ಗುಂಪುಗಳನ್ನು ಮೆಷಿನ್ ಪ್ಲೇಟ್‌ಲೆಟ್ ಲೆಕ್ಕಕ್ಕೆ ಹಿಡಿಯುವುದಿಲ್ಲ. ಆಗ ಇಡಿಟಿಎ ಬದಲು ಸಿಟ್ರೇಟ್ ಇರುವ ತಿಳಿನೀಲಿ ಮುಚ್ಚಳದ ಟ್ಯೂಬಿನಲ್ಲಿ ಮತ್ತೆ ರಕ್ತ ತೆಗೆಸಿ ಕೌಂಟ್ ಮಾಡಬೇಕು. ಆ ಟ್ಯೂಬಿನಲ್ಲಿ ಮೊದಲೇ ದ್ರವ ಇರುವುದರಿಂದ ಬಂದ ಸಂಖ್ಯೆಯನ್ನು 1.1ರಿಂದ ಗುಣಿಸಬೇಕು. ಅಷ್ಟು ಮಾಡಿದ ಮೇಲೆ ಅದೇ ರೋಗಿಯ ಪ್ಲೇಟ್‌ಲೆಟ್ ಒಂದೂವರೆ ಲಕ್ಷ ಇದ್ದರೂ ಇರಬಹುದು!

ಬಯೋಕೆಮಿಸ್ಟ್ರಿಯಲ್ಲೂ ಇಂಥದ್ದೇ. ಪೊಟ್ಯಾಸಿಯಂ ವಿಪರೀತ ಜಾಸ್ತಿ, ಕ್ಯಾಲ್ಸಿಯಂ ಪಾತಾಳಕ್ಕೆ ಇಳಿದಿದೆ, ಆದರೆ ರೋಗಿ ಆರಾಮವಾಗಿ ಕೂತು ಕಾಫಿ ಕುಡಿಯುತ್ತಿದ್ದಾರೆ. ಅನುಭವ ಇದ್ದವರಿಗೆ ಇಡಿಟಿಎ ಟ್ಯೂಬಿನ ರಕ್ತ ಈ ಸ್ಯಾಂಪಲ್‌ಗೆ ಸೇರಿದೆ ಅಂತ ತಕ್ಷಣ ಅನುಮಾನ ಬರುತ್ತದೆ. ಯಾಕೆಂದರೆ ಆ ಟ್ಯೂಬಿನ ಇಡಿಟಿಎ ಜೊತೆ ಪೊಟ್ಯಾಸಿಯಂ ಇರುತ್ತದೆ, ಕ್ಯಾಲ್ಸಿಯಂ ಅನ್ನು ಅದು ಹಿಡಿದಿಟ್ಟುಕೊಳ್ಳುತ್ತದೆ.

ಇದೆಲ್ಲ ಪುಸ್ತಕದಲ್ಲಿ ಇದೆ, ಇಲ್ಲ ಅನ್ನಲ್ಲ. ಆದರೆ ರಾಶಿ ರಾಶಿ ಸ್ಯಾಂಪಲ್ ಕೈಯಲ್ಲಿ ಹಿಡಿಯದೆ ಆ ಅನುಮಾನ ಹುಟ್ಟುವುದಿಲ್ಲ. ನಮ್ಮ ಲ್ಯಾಬಿಗೆ ಕೆಲಸ ಕೇಳಿಕೊಂಡು ಒಬ್ಬ ಹುಡುಗಿ ಬಂದಿದ್ದಳು. ಒಳ್ಳೆ ಮಾರ್ಕ್ಸ್, ಚುರುಕು. ಬ್ಯಾಕ್ಟೀರಿಯಾ ಗುರುತಿಸಲು ಬಣ್ಣ ಹಾಕುವ ಗ್ರಾಂ ಸ್ಟೇನಿನ ಹಂತಗಳನ್ನೆಲ್ಲ ಪಟಪಟ ಅಂತ ಹೇಳಿದಳು. ಸ್ಲೈಡ್ ಇಟ್ಟು ಬ್ಯಾಕ್ಟೀರಿಯಾ ತೋರಿಸಮ್ಮ ಅಂದೆ. ಸ್ಟೇನಿನ ಕಸವನ್ನು ತೋರಿಸಿದಳು. ಅವಳ ಕಾಲೇಜಿಗೆ ಸ್ವಂತ ಆಸ್ಪತ್ರೆಯೇ ಇಲ್ಲ. ಇಂಟರ್ನ್‌ಶಿಪ್ ಪೂರ್ತಿ ಕಲೆಕ್ಷನ್ ಸೆಂಟರ್ ಒಂದರಲ್ಲಿ ರಕ್ತ ತೆಗೆಯುತ್ತಾ ಕಳೆದಿದ್ದಳಂತೆ. ಲಕ್ಷಗಟ್ಟಲೆ ಫೀಸ್ ಕಟ್ಟಿಸಿಕೊಂಡು ಮಕ್ಕಳಿಗೆ ಹೀಗೆ ಮಾಡುವವರ ಮೇಲೆ ನನಗೆ ನಿಜಕ್ಕೂ ಸಿಟ್ಟಿದೆ.

ಇನ್ನು ಕೆಲಸದ ವಿಷಯ. ಕೈ ಪಳಗಿದವರಿಗೆ ಕೆಲಸ ಇದೆ. ಆಸ್ಪತ್ರೆ ಲ್ಯಾಬು, ಬ್ಲಡ್ ಬ್ಯಾಂಕು, ಅನಲೈಸರ್ ಅಂದರೆ ಪರೀಕ್ಷೆ ಮೆಷಿನ್ ಕಂಪನಿಗಳಲ್ಲಿ ಅದರ ಬಳಕೆ ಕಲಿಸುವ ಅಪ್ಲಿಕೇಶನ್ ಸ್ಪೆಷಲಿಸ್ಟ್, ಎಂಎಸ್ಸಿ ಮಾಡಿದರೆ ಪಾಠ ಹೇಳುವುದು. ಲ್ಯಾಬಿನ ಗುಣಮಟ್ಟ ನೋಡಿ ಕೊಡುವ ಎನ್‌ಎಬಿಎಲ್ ಮಾನ್ಯತೆ ಬೇಕು ಅನ್ನುವ ಲ್ಯಾಬುಗಳಿಗೆ, ಮೆಡಿಕಲ್ ಲ್ಯಾಬಿನ ಗುಣಮಟ್ಟದ ನಿಯಮಗಳಾದ ಐಎಸ್‌ಒ 15189 ಚೆನ್ನಾಗಿ ತಿಳಿದ ಕ್ವಾಲಿಟಿಯವರು ಬೇಕೇ ಬೇಕು. ಸರ್ಕಾರಿ ಲ್ಯಾಬುಗಳನ್ನೂ ಮರೆಯಬೇಡಿ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನ ಕಡೆ ಮಂಗನ ಕಾಯಿಲೆಯ ವೈರಸ್ ಪತ್ತೆಯಾಯಿತಲ್ಲ, ಇವತ್ತಿಗೂ ಮಲೆನಾಡಿನಲ್ಲಿ ಅದರ ಅನುಮಾನ ಬಂದರೆ ರಕ್ತದ ಆರ್‌ಟಿ-ಪಿಸಿಆರ್ ಆಗಲೇಬೇಕು. ಆ ಲ್ಯಾಬಿನ ಕೆಲಸದ ಬೆಂಚಿನ ಮುಂದೆ ನಿಲ್ಲುವವರು ನಮ್ಮಂಥವರೇ.

ಸಂಬಳದ ಬಗ್ಗೆ ಸುಳ್ಳು ಹೇಳಲಾರೆ. ಶುರುವಿನಲ್ಲಿ ಕಡಿಮೆ, ಬಹಳ ಕಡಿಮೆ. ಸಣ್ಣ ಲ್ಯಾಬುಗಳು ಹೊಸಬರಿಗೆ ತಿಂಗಳಿಗೆ 15 ಸಾವಿರ ಕೊಡಲೂ ಚೌಕಾಸಿ ಮಾಡುವುದನ್ನು ಕಂಡಿದ್ದೇನೆ. ನೈಟ್ ಡ್ಯೂಟಿಯಲ್ಲಿ ಒಬ್ಬರೇ ನಿಂತು ಕ್ರಾಸ್‌ಮ್ಯಾಚ್, ಅಂದರೆ ಕೊಡುವ ರಕ್ತ ರೋಗಿಗೆ ಹೊಂದುತ್ತಾ ಅನ್ನುವ ಪರೀಕ್ಷೆ ಮಾಡುವವರ ಕೈಯಲ್ಲಿ ಒಂದು ಜೀವ ಇರುತ್ತದೆ. ಅವರಿಗೆ ಈ ಸಂಬಳ ಅನ್ಯಾಯ. ಸರ್ಕಾರದಲ್ಲೂ ಎಷ್ಟೋ ಜನ ವರ್ಷಗಟ್ಟಲೆ ಗುತ್ತಿಗೆಯಲ್ಲೇ ಇದ್ದಾರೆ. 2021ರಲ್ಲಿ ಅಲೈಡ್ ಹೆಲ್ತ್‌ನವರಿಗಾಗಿ, ಅಂದರೆ ಲ್ಯಾಬಿನವರಂಥ ಆರೋಗ್ಯ ಕೆಲಸದವರಿಗಾಗಿ, ಕೇಂದ್ರದ ಕಾಯ್ದೆ ಬಂತು. ರಾಷ್ಟ್ರೀಯ ಆಯೋಗ, ರಾಜ್ಯ ಕೌನ್ಸಿಲ್, ರಿಜಿಸ್ಟ್ರೇಷನ್ ಎಲ್ಲ ಅದರಲ್ಲಿದೆ. ಹೆಲ್ತ್‌ಕೇರ್ ಪ್ರೊಫೆಷನಲ್ ಅನ್ನಿಸಿಕೊಳ್ಳಲು ಕನಿಷ್ಠ 3600 ಗಂಟೆಯ ಪದವಿ ಓದು ಬೇಕು ಅನ್ನುತ್ತದೆ. ಆ ಗಂಟೆಗಳಲ್ಲಿ ಬೆಂಚಿನ ಮುಂದೆ ಎಷ್ಟು ಕಳೆದಿರಿ ಅಂತಲೂ ಕೌನ್ಸಿಲ್‌ನವರು ಕೇಳಬೇಕು ಅನ್ನುವುದು ನನ್ನ ಒತ್ತಾಯ.

ಓದು ಮುಗಿಸಿ ಊರಲ್ಲಿ ಸ್ವಂತ ಲ್ಯಾಬ್ ಹಾಕುತ್ತೇನೆ ಅನ್ನುವ ಮಕ್ಕಳು ಇನ್ನೊಂದು ತಿಳಿದಿರಬೇಕು. ಲ್ಯಾಬ್ ರಿಪೋರ್ಟಿಗೆ ಪೆಥಾಲಜಿಯಲ್ಲಿ ಪಿಜಿ ಮಾಡಿದ ನೋಂದಾಯಿತ ಡಾಕ್ಟರ್ ಸಹಿ ಬೇಕು ಅಂತ 2017ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಡಾಕ್ಟರನ್ನು ಜೊತೆ ಮಾಡಿಕೊಳ್ಳದೆ ಸಾಲ ಮಾಡಿ ಮೆಷಿನ್ ತರಬೇಡಿ.

ಹೊರದೇಶಕ್ಕೂ ದಾರಿ ಇದೆ. ಮಂಗಳೂರು, ಉಡುಪಿ ಕಡೆಯಿಂದ ಗಲ್ಫಿಗೆ ಹೋಗುವವರಿಗೆ ದುಬೈ ಆದರೆ ಅಲ್ಲಿನ ಆರೋಗ್ಯ ಪ್ರಾಧಿಕಾರದ (ಡಿಎಚ್‌ಎ) ಲೈಸೆನ್ಸ್, ಸೌದಿ ಆದರೆ ಅಲ್ಲಿನ ಆರೋಗ್ಯ ವೃತ್ತಿಗಳ ಕಮಿಷನ್ ಪರೀಕ್ಷೆ. ಬ್ರಿಟನ್ನಿನಲ್ಲಿ ಆರೋಗ್ಯ ವೃತ್ತಿಯವರ ಕೌನ್ಸಿಲ್ ಎಚ್‌ಸಿಪಿಸಿಯ ರಿಜಿಸ್ಟ್ರೇಷನ್ ಇಲ್ಲದೆ ಬಯೋಮೆಡಿಕಲ್ ಸೈಂಟಿಸ್ಟ್ ಅಂತ ಹೇಳಿಕೊಳ್ಳುವಂತೆಯೇ ಇಲ್ಲ. ಅಮೆರಿಕದ ಪೆಥಾಲಜಿ ಸಂಸ್ಥೆ ಎಎಸ್‌ಸಿಪಿ ನಡೆಸುವ ಪರೀಕ್ಷೆಗೆ ಬೇರೆ ದೇಶದವರೂ ಕೂರಬಹುದು. ಇಲ್ಲೆಲ್ಲ ಮಾರ್ಕ್ಸ್ ಕಾರ್ಡಿನ ಜೊತೆಗೆ ಲ್ಯಾಬಿನಲ್ಲಿ ಏನು ಮಾಡಿದ್ದೀರಿ ಅನ್ನುವುದನ್ನೂ ನೋಡುತ್ತಾರೆ.

ಹಾಗಾಗಿ ಅಪ್ಪ ಅಮ್ಮಂದಿರೇ, ಕಾಲೇಜು ನೋಡಲು ಹೋದಾಗ ಪ್ರಿನ್ಸಿಪಾಲರ ಚೇಂಬರಿನಿಂದ ಹಾಗೇ ವಾಪಸ್ ಬರಬೇಡಿ. ಬೆಳಿಗ್ಗೆ ಎಂಟಕ್ಕೇ ಆಸ್ಪತ್ರೆ ಲ್ಯಾಬಿನ ಹತ್ತಿರ ಹೋಗಿ, ರಕ್ತ ಕೊಡಲು ಎಷ್ಟು ಜನ ಕೂತಿದ್ದಾರೆ ನೋಡಿ. ಕಲ್ಚರ್, ಅಂದರೆ ಸ್ಯಾಂಪಲ್‌ನ ಬ್ಯಾಕ್ಟೀರಿಯಾ ಬೆಳೆಸಿ ನೋಡುವ ಪರೀಕ್ಷೆ, ಇಲ್ಲೇ ಮಾಡ್ತೀರಾ, ಹೊರಗೆ ಕಳಿಸ್ತೀರಾ? ಬ್ಲಡ್ ಬ್ಯಾಂಕ್ ಇದೆಯಾ? ಕೇಳಿ. ಕೊನೆ ವರ್ಷದ ಮಕ್ಕಳು ಸಿಕ್ಕರೆ ಈ ವಾರ ಯಾವ ಯಾವ ಸ್ಲೈಡ್ ನೋಡಿದಿರಿ ಅಂತ ವಿಚಾರಿಸಿ. ಅವರು ಮುಖ ಮುಖ ನೋಡಿಕೊಂಡರೆ ಅಲ್ಲಿ ಫೀಸ್ ಕಟ್ಟಬೇಡಿ. ಮುಂದಿನ ಕಾಲೇಜಿಗೆ ಹೋಗಿ.