ದಸರಾ ಆನೆ ನಮ್ಮದು, ಹಾಡಿ ಯಾರದು?

ನ್ಯೂಜಿಲೆಂಡಿನ ಮೂಲನಿವಾಸಿಗಳಾದ ಮಾವೋರಿ ಜನ ಸಭೆಯಲ್ಲಿ ಪರಿಚಯ ಹೇಳಿಕೊಳ್ಳುವಾಗ ಮೊದಲು ತಮ್ಮ ಬೆಟ್ಟದ ಹೆಸರು ಹೇಳುತ್ತಾರೆ, ಆಮೇಲೆ ಹೊಳೆಯದ್ದು. ಸ್ವಂತ ಹೆಸರು ಬರುವುದು ಕೊನೆಗೆ. ಇಲ್ಲಿ ಆಕ್ಲೆಂಡಿನಲ್ಲಿ ಅದನ್ನು ಕೇಳಿದಾಗ ಮೈಸೂರಿನ ನನಗೂ ಹೇಳಿಕೊಳ್ಳಲು ಚಾಮುಂಡಿ ಬೆಟ್ಟವಿದೆ, ಕಾವೇರಿಯಿದ್ದಾಳೆ ಅಂತ ಹೆಮ್ಮೆಯಾಗುತ್ತದೆ. ಕನ್ನಡಿಗರು ನಾಲ್ಕು ಜನ ಸೇರಿದರೆ ಇದೇ ಮಾತು: ಬ್ರಿಟಿಷರು ಮಾವೋರಿಗಳ ಹಾಗೇ ನಮ್ಮನ್ನೂ ಹಾಳು ಮಾಡಿದರು, ನಾವೂ ಮೂಲನಿವಾಸಿಗಳೇ ಅಲ್ವಾ?

ಈ ಮಾತನ್ನು ನಾನು ಒಪ್ಪಲಾರೆ. 1799ರಲ್ಲಿ ಶ್ರೀರಂಗಪಟ್ಟಣ ಬಿತ್ತು. 1831ರಿಂದ 1881ರವರೆಗೆ ಮೈಸೂರಿನ ಆಡಳಿತ ಬ್ರಿಟಿಷರ ಕೈಲಿತ್ತು. ನಮಗೂ ಪೆಟ್ಟು ಬಿದ್ದಿದೆ, ನಿಜ. ಆದರೆ ಹುಣಸೂರು, ಎಚ್.ಡಿ. ಕೋಟೆ ಕಡೆಯ ಕಾಡಿನ ಆದಿವಾಸಿಗಳಾದ ಜೇನುಕುರುಬರ ಮುಂದೆ ನಿಂತು ಇದನ್ನು ಹೇಳಲು ನಮಗೆ ಬಾಯಿ ಬರಬಾರದು.

ಕಾಡೆಲ್ಲ ಸರ್ಕಾರದ ಆಸ್ತಿ, ಅಲ್ಲಿರುವವರು ಒತ್ತುವರಿದಾರರು ಅನ್ನುವ ಲೆಕ್ಕವನ್ನು ಬ್ರಿಟಿಷರು 1865 ಮತ್ತು 1878ರ ಅರಣ್ಯ ಕಾಯ್ದೆಗಳಲ್ಲಿ ಬರೆದಿಟ್ಟರು. ಮಹಾರಾಜರ ಸರ್ಕಾರವೂ ಅದೇ ದಾರಿ ಹಿಡಿಯಿತು. ಸ್ವಾತಂತ್ರ್ಯ ಬಂದಮೇಲೂ ನಾವು ಅದನ್ನು ಬಿಡಲಿಲ್ಲ. 1972ರ ವನ್ಯಜೀವಿ ಕಾಯ್ದೆ ಬಂದಮೇಲೆ ನಾಗರಹೊಳೆಯಲ್ಲಿ ಎಷ್ಟೋ ಹಾಡಿಗಳು, ಅಂದರೆ ಆದಿವಾಸಿಗಳ ಊರುಗಳು, ಖಾಲಿಯಾದವು. ದೇವರ ಜಾಗ, ಹಿರಿಯರನ್ನು ಮಣ್ಣು ಮಾಡಿದ ಜಾಗ ಕಾಡಿನೊಳಗೇ ಉಳಿದವು. ಜನ ಕಾಫಿ ತೋಟದ ಲೈನ್ ಮನೆ ಸೇರಿದರು. ಅದೇ ಕಾಡಿನೊಳಗೆ ಸ್ಟಾರ್ ಹೋಟೆಲ್ ಎದ್ದು ನಿಲ್ಲುವುದರಲ್ಲಿತ್ತು! ಆದಿವಾಸಿಗಳು ಹೋರಾಡಿದ ಮೇಲೆ, 1997ರಲ್ಲಿ ಹೈಕೋರ್ಟ್ ಅದನ್ನು ತಡೆಯಿತು.

ನಮ್ಮ ದಸರಾವನ್ನೇ ನೋಡಿ. ವೀರನಹೊಸಹಳ್ಳಿಯಲ್ಲಿ ಪೂಜೆ ಮಾಡಿ ಗಜಪಯಣ ಹೊರಡಿಸುತ್ತೇವೆ. ಆನೆಗಳ ಜೊತೆ ಮಾವುತರು, ಅವರಿಗೆ ನೆರವಾಗುವ ಕಾವಾಡಿಗಳು, ಇವರೆಲ್ಲರ ಹೆಂಡತಿ ಮಕ್ಕಳು ಅರಮನೆಗೆ ಬರುತ್ತಾರೆ. ಅವರಲ್ಲಿ ಜೇನುಕುರುಬರು ಎಷ್ಟೋ ಜನ. ಆವರಣದ ಶೆಡ್‌ಗಳಲ್ಲೇ ಸಂಸಾರ, ಮಕ್ಕಳಿಗೆ ಅಲ್ಲೇ ಟೆಂಟ್ ಶಾಲೆ. ಹುಲ್ಲಿನೊಳಗೆ ಭತ್ತ, ಬೆಲ್ಲ, ತೆಂಗಿನಕಾಯಿ ಇಟ್ಟು ಕಟ್ಟಿದ ಕುಸುರೆಯನ್ನು ಅವರು ಆನೆಯ ಬಾಯಿಗೆ ಕೊಡುತ್ತಿದ್ದರೆ ನಾವು ಆನೆಯ ಫೋಟೊ ತೆಗೆಯುತ್ತೇವೆ. ದಸರಾ ಆನೆ ಅಭಿಮನ್ಯುವಿನ ತೂಕ ಎಷ್ಟು ಅನ್ನುವುದು ಪೇಪರಿನಲ್ಲಿ ಬರುತ್ತದೆ. ಕುಸುರೆ ಕೊಟ್ಟವನ ಹಾಡಿ ಯಾವುದು, ಅದು ಈಗಲೂ ಇದೆಯಾ ಅಂತ ಕೇಳುವವರೇ ಇಲ್ಲ.

ನ್ಯೂಜಿಲೆಂಡಿನಲ್ಲೂ ಎಲ್ಲ ಸರಿಹೋಗಿಲ್ಲ. ಮಾವೋರಿಗಳ ಜಮೀನಿನ ಜಗಳ ಇನ್ನೂ ನಡೆದೇ ಇದೆ. ಆದರೆ ತೆ ಉರೆವೆರಾ ಕಾಡಿನ ವಿಷಯದಲ್ಲಿ ಅವರು ಒಂದು ದೊಡ್ಡ ಹೆಜ್ಜೆ ಇಟ್ಟರು. 1954ರಿಂದ ಅದು ರಾಷ್ಟ್ರೀಯ ಉದ್ಯಾನವಾಗಿತ್ತು. 2014ರಲ್ಲಿ ಕಾನೂನು ತಂದು ಆ ಪಟ್ಟ ತೆಗೆದರು. ಈಗ ಆ ಕಾಡು ಸರ್ಕಾರದ್ದಲ್ಲ, ಕಾನೂನಿನ ಪ್ರಕಾರ ಅದೇ ಒಬ್ಬ ವ್ಯಕ್ತಿ. ನೋಡಿಕೊಳ್ಳುವ ಮಂಡಳಿಯಲ್ಲಿ ಅಲ್ಲಿನ ಮಾವೋರಿ ಬುಡಕಟ್ಟಾದ ತೂಹೊಯ್ ಜನರದ್ದೇ ಬಹುಮತ.

ನಮ್ಮಲ್ಲೂ ಕಾನೂನಿಗೆ ಬರವಿಲ್ಲ. ಕಾಡಿನಲ್ಲಿ ಬಾಳಿದವರಿಗೆ ಆ ನೆಲದ ಹಕ್ಕು ಕೊಡುವ ಅರಣ್ಯ ಹಕ್ಕು ಕಾಯ್ದೆ 2006ರಲ್ಲೇ ಬಂದಿದೆ. ಅದರಡಿ 2011ರಲ್ಲಿ ಬಿಳಿಗಿರಿರಂಗನ ಬೆಟ್ಟದ ಸೋಲಿಗ ಆದಿವಾಸಿಗಳಿಗೆ ಸಮುದಾಯ ಹಕ್ಕು ಸಿಕ್ಕಿತು. ಅದೂ ಹುಲಿ ಇರುವ ಕಾಡಿನೊಳಗೆ! ನಾಗರಹೊಳೆಯಲ್ಲಿ ಮಾತ್ರ, 2025ರ ಮೇ ತಿಂಗಳಲ್ಲಿ ಕೆಲವು ಜೇನುಕುರುಬ ಕುಟುಂಬಗಳು ತಮ್ಮ ಹಳೆಯ ಹಾಡಿಯಾದ ಕರಡಿಕಲ್ಲು ಅತ್ತೂರು ಕೊಲ್ಲಿಗೆ ವಾಪಸ್ ಬಂದು ಗುಡಿಸಲು ಹಾಕಿದರೆ ಅರಣ್ಯ ಇಲಾಖೆ ಹೊರಗೆ ಹೋಗಿ ಅಂದಿತು. ಹೊರನಾಡಲ್ಲಿ ಕೂತು ಮೂಲನಿವಾಸಿ ಅಂತ ಹೇಳಿಕೊಳ್ಳುವ ಗೆಳೆಯರಲ್ಲಿ ನನ್ನದೊಂದೇ ಕೋರಿಕೆ. ಈ ಸಲ ದಸರಾ ಮಾಡುವಾಗ ವೇದಿಕೆಯಲ್ಲಿ ಆ ಕುಟುಂಬಗಳ ವಿಷಯ ಎತ್ತಿ. ಹಕ್ಕುಪತ್ರ ಕೊಡಿ ಅಂತ ನಮ್ಮ ಸರ್ಕಾರಕ್ಕೆ ಕಾಗದ ಬರೆಯಿರಿ.