ಪರವಾನಗಿ ಪಡೆದ ಸಿಟ್ಟು

ಬೆಂಗಳೂರಿನಲ್ಲಿ ಸರ್ಕಾರದ ಮೇಲೆ ಸಿಟ್ಟು ಬಂದವರು ಅದನ್ನು ಎಲ್ಲಿಗೆ ಒಯ್ಯಬೇಕೆಂದು ಈಗ ತಲೆ ಕೆಡಿಸಿಕೊಳ್ಳಬೇಕಿಲ್ಲ. 2021ರ ಪೊಲೀಸ್ ಆದೇಶದಂತೆ ಮೊದಲು ಅರ್ಜಿ ಹಾಕಿ ಪರವಾನಗಿ ಪಡೆಯಬೇಕು, ಆಮೇಲೆ ಫ್ರೀಡಂ ಪಾರ್ಕಿನೊಳಗೆ ಕುಳಿತು ಘೋಷಣೆ ಕೂಗಬೇಕು. ಆ ಜಾಗ ವಿಧಾನಸೌಧದಿಂದ ಕೂಗಳತೆಯ ಆಚೆಗಿರುವುದು ಆಡಳಿತದ ದೂರದೃಷ್ಟಿಗೆ ಸಾಕ್ಷಿ. ಹಿಂದೆ ಅದು ಸೆಂಟ್ರಲ್ ಜೈಲಾಗಿತ್ತು. ತುರ್ತು ಪರಿಸ್ಥಿತಿಯಲ್ಲಿ ವಾಜಪೇಯಿ, ಅಡ್ವಾಣಿಯವರಂಥವರನ್ನು ಸರ್ಕಾರವೇ ಹಿಡಿದು ತಂದು ಅಲ್ಲಿ ಕೂಡಿಹಾಕಬೇಕಾಗಿತ್ತು. ಈಗ ಅಷ್ಟು ಶ್ರಮವಿಲ್ಲ. ವಿರೋಧಿಸುವವರೇ ಅರ್ಜಿ ಬರೆದು, ಸ್ವಂತ ಖರ್ಚಿನಲ್ಲಿ ಬಸ್ಸು ಹತ್ತಿ ಬಂದು ಒಳಗೆ ಕೂರುತ್ತಾರೆ. ಖಜಾನೆಗೆ ಊಟದ ಬಾಬತ್ತೂ ಉಳಿಯುತ್ತದೆ.

ಇದೆಲ್ಲ ಸಂಚಾರಕ್ಕೆ ಅಡ್ಡಿಯಾಗಬಾರದೆಂಬ ಕಾಳಜಿಯಂತೆ. ಆಂಬುಲೆನ್ಸ್ ಸಿಕ್ಕಿಕೊಳ್ಳಬಾರದೆಂಬ ಮಾತು ನ್ಯಾಯವಾದದ್ದೇ. ಆದರೆ 2022ರಲ್ಲಿ ಕಾಂಗ್ರೆಸ್ಸಿನ ಮೇಕೆದಾಟು ಪಾದಯಾತ್ರೆ ಇದೇ ನಗರದೊಳಕ್ಕೆ ನಡೆದು ಬಂದಾಗ, ಮರುವರ್ಷ ಪ್ರಧಾನಿಯವರ ರೋಡ್‌ಶೋ ಹೂಮಳೆಯ ನಡುವೆ 26 ಕಿಲೋಮೀಟರ್ ಸಾಗಿದಾಗ, ನಮ್ಮ ರಸ್ತೆಗಳು ಆ ಮಟ್ಟಿಗೆ ಅಗಲವಾಗಿದ್ದವೆಂದು ಕಾಣುತ್ತದೆ. ಅಂಗನವಾಡಿ ಕಾರ್ಯಕರ್ತೆಯರು ಬಂದರೆ ಮಾತ್ರ ಅವು ಕಿರಿದಾಗುತ್ತವೆ.

ಸಂಘರ್ಷ ಬೇಡ, ಮನವಿ ಕೊಡಿ, ಪರಿಶೀಲಿಸೋಣ ಎಂಬುದು ಎಲ್ಲ ಪಕ್ಷಗಳ ಸರ್ಕಾರಗಳೂ ಬಾಯಿಪಾಠ ಮಾಡಿಕೊಂಡಿರುವ ಉಪದೇಶ. 2016ರಲ್ಲಿ ಕೇಂದ್ರ ಸರ್ಕಾರ, ಭವಿಷ್ಯನಿಧಿಯಲ್ಲಿ ಮಾಲೀಕರು ತುಂಬಿದ ಪಾಲನ್ನು ಕಾರ್ಮಿಕರು 58 ವರ್ಷವಾಗುವವರೆಗೆ ಮುಟ್ಟುವಂತಿಲ್ಲವೆಂದು ನಿಯಮ ಮಾಡಿದಾಗ, ಗಾರ್ಮೆಂಟ್ಸ್‌ನ ಹೆಣ್ಣುಮಕ್ಕಳು ಈ ಉಪದೇಶವನ್ನು ಮರೆತು, ಹೊಲಿಗೆಯ ಯಂತ್ರ ಬಿಟ್ಟೆದ್ದು, ಏಪ್ರಿಲ್ 18ರಂದು ಹೊಸೂರು ರಸ್ತೆಗೆ ಇಳಿದರು. ಮರುದಿನವೇ ದೆಹಲಿ ನಿಯಮವನ್ನು ಹಿಂತೆಗೆದುಕೊಂಡಿತು. ಆ ಗಲಾಟೆಯಲ್ಲಿ ಬಸ್ಸಿಗೆ ಬೆಂಕಿಯಿಟ್ಟವರನ್ನು ಹೊಗಳುವುದು ಯಾರಿಂದಲೂ ಸಾಧ್ಯವಿಲ್ಲ, ಸುಟ್ಟ ಬಸ್ಸಿನಲ್ಲಿ ಓಡಾಡುತ್ತಿದ್ದವರೂ ಬಡವರೇ. ಆದರೆ ಸುಮ್ಮನೆ ರಸ್ತೆಗೆ ಅಡ್ಡ ಕುಳಿತ ಸಾವಿರಾರು ಹೆಂಗಸರು ಅದರ ಬದಲು ಪಾರ್ಕಿನಲ್ಲಿ ಮನವಿಪತ್ರ ಹಿಡಿದು ಕುಳಿತಿದ್ದರೆ, ಕಡತವು ಪರಿಶೀಲನೆ ಮುಗಿಸಿ ಹೊರಬರುವ ಹೊತ್ತಿಗೆ ಅವರಿಗೆ 58 ತುಂಬಿ ಸಮಸ್ಯೆ ತಾನಾಗಿಯೇ ಪರಿಹಾರವಾಗುತ್ತಿತ್ತು.

ಆದೇಶ ಮೀರುವುದು ಸರಿಯೇ ಎಂದು ಕೇಳುವ ಸಜ್ಜನರು 2019ರ ಡಿಸೆಂಬರ್ 19ನ್ನು ಒಮ್ಮೆ ನೆನೆಯಬೇಕು. ಪೌರತ್ವ ತಿದ್ದುಪಡಿ ಕಾಯ್ದೆಯ ವಿರುದ್ಧ ಯಾರೂ ಸೇರಬಾರದೆಂದು ಇಡೀ ನಗರಕ್ಕೆ 144ನೇ ಸೆಕ್ಷನ್ ಹೇರಲಾಗಿತ್ತು. ಪುರಭವನದ ಎದುರು ಗಾಂಧೀಜಿಯವರ ಚಿತ್ರ ಹಿಡಿದು ನಿಂತಿದ್ದ ಇತಿಹಾಸಕಾರ ರಾಮಚಂದ್ರ ಗುಹಾ ಅವರನ್ನು, ಮಾಧ್ಯಮದವರೊಂದಿಗೆ ಮಾತಾಡುತ್ತಿದ್ದಾಗಲೇ, ಪೊಲೀಸರು ಎಳೆದೊಯ್ದರು. ಎರಡು ತಿಂಗಳು ಕಳೆಯುವುದರೊಳಗೆ ಆ ನಿಷೇಧಾಜ್ಞೆಯೇ ಕಾನೂನುಬಾಹಿರವೆಂದು ಹೈಕೋರ್ಟು ಹೇಳಿತು. ಅಂದರೆ ಅಂದು ಬೀದಿಗೆ ಬಂದವರು ಕಾನೂನಿನ ಪರ ನಿಂತಿದ್ದರು, ಆಜ್ಞೆಗೆ ತಲೆಬಾಗಿದವರು ಕಾನೂನುಬಾಹಿರ ಕೃತ್ಯಕ್ಕೆ ಸಹಕರಿಸಿದ್ದರು. ಹಾಗಿದ್ದೂ, ಮನೆಯೊಳಗೆ ಕಾಫಿ ಹೀರುತ್ತ ಟಿವಿ ನೋಡುತ್ತಿದ್ದ ಆ ಲಕ್ಷಾಂತರ ಸಹಕಾರಿಗಳಲ್ಲಿ ಒಬ್ಬರ ಮೇಲಾದರೂ ಈವರೆಗೆ ಎಫ್‌ಐಆರ್ ದಾಖಲಾಗಿಲ್ಲ.